ಗೋಡೆಯಡಿಯ ಮೋರಿ

೧೯ ಡಿಸೆಂಬರ್ ೧೯೪೭, ಶುಕ್ರವಾರ. ಆಳಂದ

ಹೆಂಡತಿ ಕಾಶಿಬಾಯಿ ಮತ್ತು ಮಗಳು ಗುರಮ್ಮ ಮೊನ್ನೆ ನಸುಕಿನಲ್ಲಿ ಚಕ್ಕಡಿ ಹತ್ತಿ ದುಧನಿಗೆ ಹೋದರು. ಅಲ್ಲಿ ಕಾಶಿಬಾಯಿಯ ಅಣ್ಣ ಚಂದಪ್ಪನ ಮನೆಯಿದೆ. ದುಧನಿ ಗಡಿಯ ಆಚೆ, ಹಿಂದೂಸ್ತಾನದಲ್ಲಿ. ನಾವು ಈಚೆ, ನಿಜಾಮರ ರಾಜ್ಯದಲ್ಲಿ. ಊರಲ್ಲಿ ನಿಜಾಮರ ಪರ ನಿಂತ ಖಾಕಿ ಪಡೆಯವರ ಕವಾಯತು ಶುರುವಾದ ಮೇಲೆ ಹದಿನಾರು ವರ್ಷದ ಮಗಳನ್ನು ಇಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲವೆಂದು ಎಲ್ಲರೂ ಹೇಳಿದರು. ನಾನು ಹೋಗಲಿಲ್ಲ. ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಇಪ್ಪತ್ತೊಂದು ವರ್ಷದಿಂದ ಅರ್ಜಿ ಬರೆಯುತ್ತ ಕೂತಿದ್ದೇನೆ. ಎದ್ದರೆ ಆ ಜಾಗದಲ್ಲಿ ಇನ್ನೊಬ್ಬ ಕೂರುತ್ತಾನೆ.

ದಿನವೆಲ್ಲ ಉರ್ದುವಿನಲ್ಲಿ ಸರಕಾರದ ಫಸಲಿ ತಾರೀಖು ಹಾಕಿ ಪರರ ಮಾತು ಬರೆಯುವುದಾಗುತ್ತದೆ. ಈ ವಹಿಯಲ್ಲಿ ಕನ್ನಡ, ಇಂಗ್ಲಿಷ್ ತಾರೀಖು. ಓದುವವರು ಯಾರೂ ಇಲ್ಲ.

ಇಂದು ಕಚೇರಿಗೆ ರಜೆ. ಅಗಸರ ಮನೆಗೆ ಬೀಗ ಬಿದ್ದಿದೆ, ಅವರೂ ಗಡಿ ದಾಟಿದ್ದಾರಂತೆ. ಬಿಳಿ ಧೋತರ, ಅಂಗಿ, ರುಮಾಲು ಇಲ್ಲದೆ ಕಚೇರಿಯ ಮುಂದೆ ಕೂರಲಾಗುವುದಿಲ್ಲ. ಕಾಶಿಬಾಯಿ ಬಟ್ಟೆ ಎಲ್ಲಿ, ಹೇಗೆ ಒಗೆಯುತ್ತಿದ್ದಳೋ ನನಗೆ ಖಚಿತವಿಲ್ಲ. ನಾನು ಬರುವಷ್ಟರಲ್ಲಿ ಒಗೆದು ಒಣಗಿರುತ್ತಿದ್ದವು. ಸಾಬೂನು ಬಜಾರಿಗೆ ಬರುತ್ತಿಲ್ಲ. ಅಗಸರು ಸವಳು ಮಣ್ಣು ಹಾಕಿ ಒಗೆಯುವುದನ್ನು ನೋಡಿದ್ದೆ. ಒಂದು ಬುಟ್ಟಿ ಸವಳು ತರಿಸಿ ಬಚ್ಚಲಲ್ಲಿಯೇ ಒಗೆದೆ. ಕಷ್ಟವೇನಿಲ್ಲ.

೧೬ ಜನವರಿ ೧೯೪೮, ಶುಕ್ರವಾರ

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದವರು ಈ ಸಲ ಕಡಿಮೆ.

ಬಚ್ಚಲಲ್ಲಿ ನೀರು ನಿಲ್ಲುತ್ತಿದೆ. ಬೆಳಿಗ್ಗೆ ಸ್ನಾನ ಮಾಡಿದರೆ ಇಳಿದು ಹೋಗಲು ಮಧ್ಯಾಹ್ನವಾಗುತ್ತದೆ. ಇವತ್ತು ಬಟ್ಟೆ ಒಗೆದಾಗ ನೀರು ಉಕ್ಕಿ ಅಂಗಳಕ್ಕೆ ಬಂದು ಒಲೆಯ ಕಟ್ಟಿಗೆ ತೋಯಿಸಿತು.

ನಮ್ಮ ಮನೆ ಮತ್ತು ಪಕ್ಕದ ಮನೆ ಮೊದಲು ಒಂದೇ ವಾಡೆ. ನಮ್ಮಪ್ಪ ಅರ್ಧ ಕೊಂಡ ಮೇಲೆ ನಡುವೆ ಮಣ್ಣಿನ ಗೋಡೆ ಎದ್ದಿತು. ಮೋರಿ ಮಾತ್ರ ಹಳೆಯದೇ. ನಮ್ಮ ಬಚ್ಚಲಿನಿಂದ ಹೊರಟು ಗೋಡೆಯ ಅಡಿಗೆ ಹಾದು, ಅವರ ಅಂಗಳದ ಅಂಚಿನಲ್ಲಿ ಹರಿದು, ಹಿಂದಿನ ಓಣಿಯ ಗಟಾರಕ್ಕೆ ಬೀಳುತ್ತದೆ. ಪಕ್ಕದ ಮನೆಯ ಹೆಂಗಸು ತನ್ನ ಕಡೆ ಕಲ್ಲು ಇಟ್ಟಿರಬೇಕು. ಬೇರೆ ಕಾರಣ ಕಾಣುವುದಿಲ್ಲ.

೨೭ ಜನವರಿ, ಮಂಗಳವಾರ

ಓಣಿಯ ಮೋರಿಗಳನ್ನು ಬಳಿಯುತ್ತಿದ್ದ ಪೀರಪ್ಪನಿಗೆ ಹೇಳಿ ಕಳಿಸಿದ್ದೆ. ಬಂದ. ಬಾಗಿಲಾಚೆ ಕೈ ಹಿಂದೆ ಕಟ್ಟಿ ನಿಂತ.

"ಮೋರಿ ಬಳಿಯೋದು ಬಿಟ್ಟೀನ್ರಿ ಮುನ್ಶಿಗೋಳ. ಸೊಲ್ಲಾಪುರಕ್ಕ ಹೊಂಟೀನಿ, ಮಿಲ್ಲಿಗಿ."

"ಇದೊಂದು ಮಾಡಿ ಹೋಗು."

"ಇಲ್ರಿ. ಬಿಟ್ಟೀನಿ ಅಂದ್ರ ಬಿಟ್ಟೀನಿ. ಬೇಕಾದ್ರ ಹ್ಯಾಂಗ ಮಾಡೋದು ಹೇಳ್ತೀನಿ. ಉದ್ದ ಗಳ ತಗೋರಿ, ತುದಿಗಿ ಚಿಂದಿ ಕಟ್ರಿ. ಮೊದ್ಲು ಕೈ ಹಾಕಿ ಬಾಯಾಗಿಂದ ತೆಗೀರಿ, ಆಮ್ಯಾಲ ಗಳ ನೂಕ್ರಿ. ಗಳ ಮೊದ್ಲ ನೂಕಿದ್ರ ಒಳಗ ಗಟ್ಟಿ ಆಗ್ತದ."

ನಾನು ಕೈ ಹಾಕುವ ಮಾತೇ ಇಲ್ಲ ಎಂದೆ. ಅವನು ನಕ್ಕನೋ ಇಲ್ಲವೋ ಗೊತ್ತಾಗಲಿಲ್ಲ. ಅವನು ಹೋದ ಮೇಲೆ ಗಳ ತಂದು ನೂಕಿದೆ. ಎರಡು ಮೊಳ ಹೋಗಿ ನಿಂತಿತು.

೬ ಫೆಬ್ರುವರಿ, ಶುಕ್ರವಾರ

ಹಿಮ್ಮಡಿಯವರೆಗೆ ನೀರಿನಲ್ಲಿ ನಿಂತು ಗೋಡೆಯಾಚೆ ಕೂಗಿ ಹೇಳಿದೆ, ಕಲ್ಲು ತೆಗೆಯಿರಿ ಎಂದು. ಪಕ್ಕದ ಮನೆಯ ಹೆಂಗಸಿನ ದನಿ ಬಂತು: "ಕಲ್ಲ ನಿಮ್ಮ ತಲ್ಯಾಗ ಅದ, ನಮ್ಮ ಮೋರ್ಯಾಗ ಇಲ್ಲ."

೮ ಫೆಬ್ರುವರಿ, ಭಾನುವಾರ

ಪಕ್ಕದ ಮನೆಯ ಪ್ಯಾರಿಬಿ, ಗಂಡ ತೀರಿದಾಕೆ, ಇವಳು ಮೋರಿಗೆ ಅಡ್ಡಿ ಮಾಡಿದ್ದಾಳೆಂದು ಹನ್ನೊಂದು ಸಾಲಿನ ಅರ್ಜಿ ಬರೆದೆ. ಸಲ್ಲಿಸಲಿಲ್ಲ. ಅವಳ ಮಗ ಬುರಾನುದ್ದೀನ ಈಗ ಖಾಕಿ ಹಾಕಿಕೊಂಡು ಶುಕ್ರವಾರ ಕವಾಯತಿಗೆ ಹೋಗುತ್ತಾನೆ. ಅರ್ಜಿಯನ್ನು ಹರಿದು ಒಲೆಗೆ ಹಾಕಿದೆ. ಕಟ್ಟಿಗೆ ಹಸಿಯಾಗಿರುವುದರಿಂದ ಉಪಯೋಗಕ್ಕೆ ಬಂತು.

೨೦ ಫೆಬ್ರುವರಿ, ಶುಕ್ರವಾರ

ಕವಾಯತು ಮುಗಿಸಿ ಬುರಾನುದ್ದೀನ ಬಾಗಿಲಿಗೆ ಬಂದ. ಇಪ್ಪತ್ತೈದರ ಹುಡುಗ. ನನ್ನ ಕಣ್ಣೆದುರೇ ಬೆಳೆದವನು. ಕೈಯಲ್ಲಿ ಬಡಿಗೆ ಇತ್ತು.

"ಮುನ್ಶಿಸಾಬ್, ನಿಮ್ಮ ಹೊಲಸ ನೀರು ನಮ್ಮ ಗ್ವಾಡಿ ಕುಡ್ಯಾಕತ್ತದ. ಬಂದ್ ಮಾಡ್ರಿ. ಇಲ್ಲಂದ್ರ ನಿಮ್ಮ ಮನಿಯವ್ರು ಹೋದ ಕಡಿ ನೀವೂ ಹೋಗಬೇಕಾಗ್ತದ."

ಓಣಿಯಲ್ಲಿ ನಾಲ್ಕು ಜನ ನಿಂತು ಕೇಳುತ್ತಿದ್ದರು. ನಾನು ಆಗಲಿ ಎಂದೆ. ಒಳಗೆ ಬಂದು ಬಾಗಿಲಿಗೆ ಅಗುಳಿ ಹಾಕಿದೆ. ಗೋಡೆಯಾಚೆ ಅವನ ತಾಯಿ ಅವನನ್ನು ಬೈಯುವುದು ಕೇಳಿಸಿತು. ಪೂರ್ತಿ ತಿಳಿಯಲಿಲ್ಲ.

೧೨ ಮಾರ್ಚ್, ಶುಕ್ರವಾರ

ಇವತ್ತಿನದನ್ನು ವಿವರವಾಗಿ ಬರೆಯಬೇಕು.

ಮಧ್ಯಾಹ್ನ ಪ್ಯಾರಿಬಿ ಸ್ವತಃ ಬಾಗಿಲಿಗೆ ಬಂದಳು. ಐವತ್ತೈದರ ಮೇಲಿನ ಹೆಂಗಸು, ತಲೆಯ ಮೇಲೆ ಸೆರಗು. ಬುರಾನುದ್ದೀನ ಊರಲ್ಲಿಲ್ಲ.

"ಮುನ್ಶಿಸಾಬ್ರ, ಒಂದು ಅರ್ಜಿ ಬರೀಬೇಕು."

"ಯಾರ ಮ್ಯಾಲ?"

"ನಿಮ್ಮ ಮ್ಯಾಲ. ಊರಾಗ ಛಲೋ ಬರೆಯೋರು ನೀವ ಒಬ್ರು ಉಳದೀರಿ. ಮತ್ತ ಎಲ್ಲಿಗಿ ಹೋಗ್ಲಿ?"

ಅರ್ಜಿ ಬೇಕೆಂದು ಬಂದವರನ್ನು ನಾನು ತಿರುಗಿ ಕಳಿಸಿದ್ದಿಲ್ಲ. ಹೊರಕಟ್ಟೆಯ ಮೇಲೆ ಚಾಪೆ ಹಾಸಿ, ಕಾಗದ ತೆಗೆದು, ಎಲ್ಲರನ್ನೂ ಕೇಳುವಂತೆಯೇ ಕೇಳಿದೆ.

"ಪ್ರತಿವಾದಿ ಹೆಸರು?"

"ಭೀಮಶಾ, ವಲ್ದ ಶರಣಪ್ಪ. ಬರ್ಕೋರಿ." ನನ್ನ ಹೆಸರು, ನಮ್ಮಪ್ಪನ ಹೆಸರು, ಎರಡೂ ಸರಿಯಾಗಿ ಹೇಳಿದಳು.

"ತಕರಾರು?"

"ಇವರ ಬಚ್ಚಲ ನೀರು ಗ್ವಾಡಿ ಬುಡದಾಗ ನಿಂತು ನಮ್ಮ ಕಡಿ ಜಿನುಗಾಕತ್ತದ. ನಮ್ಮ ಒಲಿ ಹಿಂದಿನ ಗ್ವಾಡಿ ಹಸಿ ಆಗ್ಯದ. ಬೆರಳ ಇಟ್ರ ಒಳಗ ಹೋಗ್ತದ."

"ಯಾವಾಗಿನಿಂದ?"

"ಇವರ ಹೇಣ್ತಿ ದುಧನಿಗಿ ಹೋದಾಗಿಂದ."

ಲೇಖಣಿ ನಿಲ್ಲಿಸಿದೆ. ಹೆಂಡತಿ ಹೋಗುವುದಕ್ಕೂ ಮೋರಿ ಕಟ್ಟುವುದಕ್ಕೂ ಏನು ಸಂಬಂಧ, ಅರ್ಜಿಯಲ್ಲಿ ಕಾರಣ ಬೇಕಾಗುತ್ತದೆ ಎಂದೆ.

"ಕಾಶಿಬಾಯಿ ಬಟ್ಟಿ ಹಳ್ಳಕ್ಕ ಒಯ್ತಿದ್ಳು. ಇಪ್ಪತ್ತ ವರ್ಷ ತಲಿ ಮ್ಯಾಲ ಹೊತ್ಗೊಂಡು ಹೋಗ್ಯಾಳ, ನೀವು ನೋಡಿಲ್ಲ? ಈ ಮೋರಿ ಮಾರಿ ತೊಳದ ನೀರಿಗಿ, ಮೈ ತೊಳದ ನೀರಿಗಿ ಅದ. ಇದರಾಗ ಸವಳ ಹಾಕಿ ಧೋತರ ಒಗ್ಯಾಂವ ನೀವ ಒಬ್ರು. ಸವಳ ಅಂದ್ರೇನು, ಮಣ್ಣ. ಮಣ್ಣ ಹೋಗಿ ಗಚ್ಚು ಆಗಿ ಕುಂತದ."

ಅದನ್ನೂ ಬರೆದೆ. ಸವಳಿಗೆ ಉರ್ದುವಿನಲ್ಲಿ ಸರಿಯಾದ ಪದ ಸಿಗದೆ "ಧೋಬಿಗಳ ಮಣ್ಣು" ಎಂದು ಹಾಕಿದೆ. ಓದಿ ಕನ್ನಡದಲ್ಲಿ ಹೇಳಿದೆ. ಎಲ್ಲ ಸರಿ ಅದ ಎಂದು ಹೆಬ್ಬೆಟ್ಟು ಒತ್ತಿದಳು. ಕಾಗದ ಮಡಚಿಕೊಳ್ಳುತ್ತ, "ಯಾರಿಗಿ ಕೊಡ್ಲಿ?" ಎಂದು ಕೇಳಿದಳು. ಕೊಡುವ ಜಾಗ ಹೇಳಿದೆ. ಈಗ ಅಲ್ಲಿ ಯಾರೂ ಏನೂ ಓದುತ್ತಿಲ್ಲ ಎಂಬುದನ್ನೂ ಹೇಳಿದೆ.

"ಹಂಗಾರ ನೀವ ಓದ್ಕೋರಿ" ಎಂದು ಕಾಗದವನ್ನು ಕಟ್ಟೆಯ ಮೇಲಿಟ್ಟು ಹೋದಳು.

ಈ ತಿಂಗಳು ನಾನು ಬರೆದವುಗಳಲ್ಲಿ ಅಚ್ಚುಕಟ್ಟಾದ ಅರ್ಜಿ ಅದು.

೧೩ ಮಾರ್ಚ್, ಶನಿವಾರ

ಕಚೇರಿಗೆ ಹೋಗಲಿಲ್ಲ. ಬಚ್ಚಲಿನ ಶಹಾಬಾದ ಕಲ್ಲನ್ನು ಹಾರೆಯಿಂದ ಎಬ್ಬಿಸಿದೆ. ಮೊಣಕೈವರೆಗೆ ಕೈ ಹಾಕಿದೆ. ಮೊದಲ ಸಲ ವಾಂತಿ ಬಂತು, ಎರಡನೆಯ ಸಲ ಬರಲಿಲ್ಲ. ಬಂದದ್ದು ಸವಳಿನ ಉಂಡೆ, ಮಡಿಕೆಯಷ್ಟು ಗಾತ್ರದ್ದು, ಅದರೊಳಗೆ ಕೂದಲು ಸುತ್ತಿಕೊಂಡಿತ್ತು. ನನ್ನ ತಲೆಯಲ್ಲಿ ಅಷ್ಟು ಕೂದಲಿಲ್ಲ. ಉದ್ದನೆಯ ಕರಿ ಕೂದಲು ಗುರಮ್ಮನದು. ಸ್ವಲ್ಪ ನೆರೆತದ್ದು ಕಾಶಿಬಾಯಿಯದು. ಅವಳ ತಲೆ ನೆರೆಯುತ್ತಿದೆ ಎಂದು ನನಗೆ ತಿಳಿದಿರಲಿಲ್ಲ.

ಹಿತ್ತಲ ತಿಪ್ಪೆಗೆ ಹಾಕಿದೆ. ನೀರು ಅರ್ಧ ಇಳಿಯಿತು. ಗೋಡೆಯ ಅಡಿ ಇನ್ನೂ ಕಟ್ಟಿದೆ, ಅಲ್ಲಿಗೆ ಕೈ ಮುಟ್ಟುವುದಿಲ್ಲ.

೨ ಏಪ್ರಿಲ್, ಶುಕ್ರವಾರ

ದುಧನಿಗೆ ಹೋಗುವ ಚಕ್ಕಡಿಯವನ ಕೈಯಲ್ಲಿ ಪತ್ರ ಕಳಿಸಿ ಮೋರಿಯ ಬಗ್ಗೆ ಕೇಳಿದ್ದೆ. ಇಂದು ಉತ್ತರ ಬಂತು. ಕಾಶಿಬಾಯಿ ಹೇಳಿದ್ದನ್ನು ಗುರಮ್ಮ ಬರೆದಿದ್ದಾಳೆ. ಅಕ್ಷರ ಚೆನ್ನಾಗಿದೆ. ಇಲ್ಲಿ ನಕಲು ಮಾಡಿಕೊಳ್ಳುತ್ತೇನೆ.

"ನೀವು ಉಂಡ್ರೋ ಇಲ್ಲೋ ಬರೆದಿಲ್ಲ, ಬಚ್ಚಲದ್ದು ಬರೆದೀರಿ. ಸವಳ ಬಚ್ಚಲದಾಗ ಹಾಕಬ್ಯಾಡ್ರಿ. ಮೋರಿ ಬಾಯಿಗಿ ಈಚಲ ಬುಟ್ಟಿ ತುಂಡ ಒತ್ತಿ ಇಡ್ರಿ, ಕೂದಲ ಅಲ್ಲೇ ನಿಲ್ತದ. ಗ್ವಾಡಿ ಅಡಿಗಿಂದು ಒಬ್ರ ಕೈಲಿ ಆಗಂಗಿಲ್ಲ. ನಾನು ಪ್ಯಾರಿಬಿ ಕೂಡಿ ಪ್ರತಿ ಅಮಾಸಿಗಿ ಮಾಡ್ತಿದ್ದಿವಿ, ನಾ ಈ ಕಡಿಂದ, ಆಕಿ ಆ ಕಡಿಂದ. ಆಕಿಗಿ ಹೇಳ್ರಿ."

ಇಪ್ಪತ್ತು ವರ್ಷ ಪ್ರತಿ ಅಮಾವಾಸ್ಯೆ ಎಂದರೆ ಸುಮಾರು ಇನ್ನೂರ ನಲವತ್ತು ಸಲ. ನಾನು ಒಂದು ಸಲವೂ ನೋಡಿಲ್ಲ.

೯ ಏಪ್ರಿಲ್, ಶುಕ್ರವಾರ

ನಾಳೆ ಯುಗಾದಿ. ಇಂದು ಅಮಾವಾಸ್ಯೆ, ಕಚೇರಿಗೂ ರಜೆ.

ಪ್ಯಾರಿಬಿ ತನ್ನ ಕಡೆಯಿಂದ ಗಳ ಹಾಕಿದಳು, ನಾನು ನನ್ನ ಕಡೆಯಿಂದ. ಗೋಡೆ ನಡುವೆ ಇದ್ದದ್ದರಿಂದ ಮಾತಿನಲ್ಲೇ ಎಲ್ಲ ಆಗಬೇಕಾಯಿತು.

"ನೂಕ್ರಿ. ನಾ ಹಿಡದೀನಿ."

"ನೂಕಾಕತ್ತೇನಿ."

"ನೂಕಾಕತ್ತೀರೋ ನಿಂತೀರೋ? ಕಾಶಿಬಾಯಿ ನೂಕಿದ್ರ ನನ್ನ ಕೈ ಜಾರ್ತಿತ್ತು."

ಕೊನೆಗೆ ಗಳ ಆಚೆ ಹೋಯಿತು. ಅವಳು ಅದರ ತುದಿ ಹಿಡಿದು ಎಳೆದಳು. ತಡೆದ ನೀರೆಲ್ಲ ಒಮ್ಮೆಗೆ ಹೋಯಿತು. ಅವಳ ಸೊಸೆ ಮೆಹರಾಜಬೇಗಂ ಎರಡು ಕೊಡ ನೀರು ಹಿಂದಿನಿಂದ ಸುರಿದ ಸದ್ದು ಕೇಳಿಸಿತು. ಗೋಡೆ ಒಣಗಲು ಎರಡು ತಿಂಗಳಾದರೂ ಬೇಕು ಎಂದು ಪ್ಯಾರಿಬಿ ಹೇಳಿದಳು. ಮಳೆಗೆ ಮುಂಚೆ ಒಣಗಿದರೆ ಸಾಕು.

೧೪ ಮೇ, ಶುಕ್ರವಾರ

ಬಟ್ಟೆ ಗಂಟು ಕಟ್ಟಿಕೊಂಡು ಹಳ್ಳಕ್ಕೆ ಹೋದೆ. ಮೂರು ವಾರದಿಂದ ಹೋಗುತ್ತಿದ್ದೇನೆ, ಬರೆದಿರಲಿಲ್ಲ. ಮೊದಲ ವಾರ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಈಗ ನೀರು ಮಡುವಿನಲ್ಲಿ ಮಾತ್ರ ಉಳಿದಿದೆ, ಎಲ್ಲರೂ ಒತ್ತಿ ಕೂರಬೇಕು. ಒಬ್ಬಳು "ಆ ಕಲ್ಲ ಕಾಶಿಬಾಯಿದು, ಅಲ್ಲಿ ಕುಂಡ್ರಿ" ಎಂದು ತೋರಿಸಿದಳು. ಕಲ್ಲು ನಡುವೆ ಸವೆದು ತಗ್ಗಾಗಿದೆ.

೧೮ ಜೂನ್, ಶುಕ್ರವಾರ

ಎರಡು ಹಳ್ಳಿ ಸುಟ್ಟ ಸುದ್ದಿ. ಕಚೇರಿಗೆ ಅರ್ಜಿದಾರರು ಬರುತ್ತಿಲ್ಲ. ಚಂದಪ್ಪನಿಗೆ ಗಡಿಯ ಈಚೆ ಇದ್ದ ಹೊಲದ ಬಣವೆಗೆ ಖಾಕಿಯವರು ಬೆಂಕಿ ಹಾಕಿದರಂತೆ. ಬುರಾನುದ್ದೀನ ಹದಿನೈದು ದಿನದಿಂದ ಮನೆಯಲ್ಲಿಲ್ಲ. ಎಲ್ಲಿದ್ದಾನೆಂದು ನಾನು ಕೇಳಲಿಲ್ಲ, ಪ್ಯಾರಿಬಿ ಹೇಳಲಿಲ್ಲ.

ಬಟ್ಟೆ ಒಗೆದೆ.

೨೩ ಜುಲೈ, ಶುಕ್ರವಾರ

ನಾಲ್ಕು ದಿನ ಬಿಡದೆ ಮಳೆ. ಇಂದು ಮುಂಜಾನೆ ನಡುಗೋಡೆ ಬಿತ್ತು. ಎಂಟು ಮೊಳ ಅಗಲ. ಬಚ್ಚಲಿನ ಕಡೆಯ ತುದಿಯಿಂದಲೇ ಕುಸಿಯಿತು. ಚಳಿಗಾಲದಲ್ಲಿ ಕುಡಿದ ನೀರು ಬುಡದಲ್ಲಿ ಆರಿರಲಿಲ್ಲ. ಯಾರಿಗೂ ಏಟಾಗಲಿಲ್ಲ. ರಮಜಾನಿನ ಉಪವಾಸ, ಅವರು ಒಲೆ ಹಚ್ಚಿರಲಿಲ್ಲ. ಹಚ್ಚಿದ್ದರೆ ಮೆಹರಾಜ ಅಲ್ಲಿ ಕೂತಿರುತ್ತಿದ್ದಳು.

ಮಣ್ಣಿನ ಗುಡ್ಡೆಯ ಆಚೆ ಪ್ಯಾರಿಬಿ ನಿಂತಿದ್ದಳು, ಈಚೆ ನಾನು. ತಪ್ಪು ನನ್ನದು ಎಂದೆ.

"ಅರ್ಜ್ಯಾಗ ಬರೆದದ್ದ ಅದ" ಎಂದಳು. ಮಳೆ ನಿಂತ ಮೇಲೆ ಕಟ್ಟೋಣ ಎಂದಾಯಿತು. ಅಲ್ಲಿಯವರೆಗೆ ಗೋಣಿತಟ್ಟು ಹೊಲಿದು ಅಡ್ಡ ಕಟ್ಟಿದ್ದೇವೆ.

೭ ಆಗಸ್ಟ್, ಶನಿವಾರ

ಈದ್. ಗೋಣಿತಟ್ಟಿನ ಅಂಚು ಸರಿಸಿ ಪ್ಯಾರಿಬಿ ಒಂದು ಬಟ್ಟಲು ಶೀರಖುರ್ಮಾ ಇಟ್ಟು, "ಬರೀ ಹಾಲ, ಶಾವಗಿ. ತಿನ್ನೋದು ಬಿಡೋದು ನಿಮಗ ಬಿಟ್ಟದ್ದು" ಎಂದು ಹೋದಳು. ನಮ್ಮ ಮನೆತನದಲ್ಲಿ ಇದು ನಡೆದದ್ದಲ್ಲ. ಸಂಜೆ ಬಟ್ಟಲು ತೊಳೆದು ಕೊಟ್ಟೆ. ಒಣ ಖರ್ಜೂರದ ಖಾರೀಕು ಬಹಳ ಹಾಕಿದ್ದಳು.

೧೩ ಸೆಪ್ಟೆಂಬರ್, ಸೋಮವಾರ

ಹಿಂದೂಸ್ತಾನದ ಫೌಜು ಗಡಿ ದಾಟಿದೆ ಎಂದು ಸುದ್ದಿ. ವಿಮಾನದ ಸದ್ದು ಕೇಳಿತು. ಕಚೇರಿ ಮುಚ್ಚಿದೆ. ಬುರಾನುದ್ದೀನ ಮಧ್ಯಾಹ್ನ ಬಂದು, ಖಾಕಿ ಬಿಚ್ಚಿಟ್ಟು, ಲುಂಗಿ ಉಟ್ಟು ಹೋದ. ತಾಯಿಯನ್ನೂ ಹೆಂಡತಿಯನ್ನೂ ಕರೆದೊಯ್ಯಲಿಲ್ಲ. ಖಾಕಿಯನ್ನು ಪ್ಯಾರಿಬಿ ಒಲೆಯಲ್ಲಿ ಸುಟ್ಟಳು. ದಪ್ಪ ಬಟ್ಟೆ, ಹೊತ್ತು ಹಿಡಿಯಿತು.

೧೯ ಸೆಪ್ಟೆಂಬರ್, ಭಾನುವಾರ

ನಿಜಾಮರು ಸೋತು ಎರಡು ದಿನವಾಯಿತು. ಗಡಿಯಾಚೆ ಹೋದವರು ಗುಂಪುಗುಂಪಾಗಿ ಮರಳುತ್ತಿದ್ದಾರೆ. ಅವರಲ್ಲಿ ಕೆಲವರು ಬೇರೆ ಕೆಲಸ ಇಟ್ಟುಕೊಂಡೇ ಬಂದಿದ್ದಾರೆ.

ಊಟದ ಹೊತ್ತಿಗೆ ಓಣಿಯ ತುದಿಯಲ್ಲಿ ಗದ್ದಲ ಕೇಳಿಸಿತು. ಗೋಣಿತಟ್ಟು ಸರಿಯಿತು. ಪ್ಯಾರಿಬಿ ಮೆಹರಾಜಳನ್ನು ಮುಂದೆ ದೂಡಿಕೊಂಡು ಬಂದಳು. ಟ್ರಂಕಿನಿಂದ ಕಾಶಿಬಾಯಿಯ ಎರಡು ಸೀರೆ ತೆಗೆದುಕೊಟ್ಟು ಹೊರಗೆ ನಿಂತೆ. ಉಟ್ಟ ಮೇಲೆ ವಿಭೂತಿಯ ಗಟ್ಟಿ ಕೊಟ್ಟೆ. ಪ್ಯಾರಿಬಿ ಅದನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಮೊದಲು ಸೊಸೆಯ ಹಣೆಗೆ ಹಚ್ಚಿ, ತಾನೂ ಹಚ್ಚಿಕೊಂಡಳು. ಮೆಹರಾಜಳನ್ನು ಒಳಕೋಣೆಯ ಬೀಸುಕಲ್ಲಿನ ಮುಂದೆ ಕೂರಿಸಿದೆವು. ನೆನೆಸಿಟ್ಟ ಧೋತರಗಳು ಬಚ್ಚಲಲ್ಲಿದ್ದವು. ಪ್ಯಾರಿಬಿ ಅವುಗಳ ಮುಂದೆ ಕೂತು ತಿಕ್ಕತೊಡಗಿದಳು. ನಾನು ಹಿಂಡಿ, ಗೋಡೆ ಬಿದ್ದ ಜಾಗಕ್ಕೆ ಅಡ್ಡಲಾಗಿ ಹಗ್ಗದ ಮೇಲೆ ಹರವಿದೆ.

ಹತ್ತು ಹನ್ನೆರಡು ಜನ ಒಳಗೆ ಬಂದರು. ಮುಂದೆ ಬಸವಂತರಾಯ. ಅವನ ಹೊಲದ ತಕರಾರಿನ ಅರ್ಜಿಯನ್ನು ಬರೆದವನು ನಾನೇ. ಹೆಗಲಿಗೆ ಬಂದೂಕು ಹಾಕಿದ್ದ.

"ಮುನ್ಶಿಗೋಳ, ಬಾಜು ಮನಿ ಹೆಂಗಸ್ರು ಎಲ್ಲಿ?"

"ಗೊತ್ತಿಲ್ಲ. ಬುರಾನುದ್ದೀನ ಸೋಮವಾರನ ಹೋಗ್ಯಾನ."

"ಇವ್ರು ಯಾರು?"

"ನಮ್ಮ ಅಕ್ಕ. ಜಿಡಗಾ ಊರಿಗಿ ಕೊಟ್ಟಾಕಿ. ಒಳಗ ಬೀಸಾಕತ್ತಾಕಿ ಆಕಿ ಸೊಸಿ."

ಬಸವಂತರಾಯ ನೋಡುತ್ತಲೇ ನಿಂತ. ಪ್ಯಾರಿಬಿ ತಲೆ ಎತ್ತದೆ, ತಿಕ್ಕುತ್ತಲೇ ಹೇಳಿದಳು: "ಭೀಮಶಾ, ಅವ್ರಿಗಿ ಕಾಲ್ಮರಿ ಹೊರಗ ಬಿಟ್ಟು ಬರ್ರಿ ಅನ್ನು. ಈಗರೆ ಸಾರ್ಸೀನಿ ನೆಲ."

ಆಳಂದದಲ್ಲಿ ಹುಟ್ಟಿದವಳು. ಅವಳ ಕನ್ನಡಕ್ಕೂ ನನ್ನದಕ್ಕೂ ಭೇದವಿಲ್ಲ. ಇಬ್ಬರು ತಮಗೆ ತಿಳಿಯದಂತೆಯೇ ಹಿಂದೆ ಸರಿದರು. ಬಸವಂತರಾಯ ಹಗ್ಗದ ಮೇಲಿನ ಧೋತರವನ್ನು ಬಂದೂಕಿನ ತುದಿಯಿಂದ ಎತ್ತಿ ನೋಡಿದ.

"ಗ್ವಾಡಿ ಯಾಕ ಬಿದ್ದದ?"

"ನಮ್ಮ ಬಚ್ಚಲ ನೀರಿಗಿ ಬಿತ್ತು."

ನಮ್ಮ ಮನೆಯ ಬಗ್ಗೆ ನಾನು ಆ ಹೊತ್ತಿನಲ್ಲಿ ಹೇಳಿದ ಒಂದೇ ನಿಜ ಅದು. ಅವನು ಧೋತರ ಕೆಳಗೆ ಬಿಟ್ಟ. ನಂಬಿದನೋ, ಬೇಡವೆಂದುಕೊಂಡನೋ, ಅವನಿಗೇ ಗೊತ್ತು. ಅವರು ಓಣಿಗೆ ಹೋಗಿ ಪಕ್ಕದ ಮನೆಯ ಬಾಗಿಲು ಒಡೆದರು. ಮುಂದಿನದೆಲ್ಲ ಧೋತರದ ಆಚೆ ನಡೆಯಿತು. ಹಂಡೆ, ಪಾತ್ರೆ, ಜೋಳದ ಚೀಲ ಎಳೆಯುವ ಸದ್ದು ಒಂದೊಂದೂ ತಿಳಿಯುತ್ತಿತ್ತು. ಬೀಸುವುದು ನಿಲ್ಲಿಸಬೇಡ ಎಂದು ಮೆಹರಾಜಳಿಗೆ ಹೇಳಿದ್ದೆ. ಬೀಸುತ್ತಲೇ ಇದ್ದಳು. ಕಲ್ಲಿನಲ್ಲಿ ಕಾಳು ಮುಗಿದು ಬರೀ ಕಲ್ಲು ತಿರುಗುತ್ತಿತ್ತು.

ಹೊತ್ತು ಮುಳುಗುವ ಮುಂಚೆ ಹೋದರು.

೩೦ ಸೆಪ್ಟೆಂಬರ್, ಗುರುವಾರ

ಅಕ್ಕ ಮತ್ತು ಮೆಹರಾಜ ಇಲ್ಲಿಯೇ ಇದ್ದಾರೆ. ಪ್ಯಾರಿಬಿಗೆ ಅಂದು ಅಂದ ಅಕ್ಕ ಎಂಬ ಹೆಸರೇ ಬಾಯಲ್ಲಿ ಉಳಿದಿದೆ. ಮೂವರ ನೀರನ್ನು ಮೋರಿ ತಾಳಿಕೊಳ್ಳುತ್ತದೆ. ಮೆಹರಾಜ ಉಣ್ಣುವುದಿಲ್ಲ, ಅಕ್ಕ ಬೈದು ಉಣಿಸುತ್ತಾಳೆ. ಅಕ್ಕನಿಗೆ ಮೊಣಕಾಲು ನೋವು. ಹರಳೆಣ್ಣೆ ತಂದುಕೊಟ್ಟೆ. ಬೇವಿನ ಕೆಳಗೆ ಇಬ್ಬರು ಹೊಸಬರು ಕೂತಿದ್ದಾರೆ, ನಾನು ಅವರ ಪಕ್ಕಕ್ಕೆ ಕೂತೆ.

೧೫ ಅಕ್ಟೋಬರ್, ಶುಕ್ರವಾರ

ಕಾಶಿಬಾಯಿ, ಗುರಮ್ಮ ಬಂದರು. ಹತ್ತು ತಿಂಗಳಾಗಿತ್ತು. ಕಾಶಿಬಾಯಿ ಸೊರಗಿದ್ದಾಳೆ.

ಒಳಗೆ ಬಂದವಳು ಒಲೆಯ ಮುಂದೆ ತನ್ನ ಸೀರೆ ಉಟ್ಟು ಕೂತ ಅಕ್ಕನನ್ನು ನೋಡಿದಳು. ಅಕ್ಕ ಎದ್ದು ನಿಂತಳು. ನಾನು ನಡೆದದ್ದನ್ನು ಹೇಳಿದೆ. ಪತ್ರದಲ್ಲಿ ಬರೆದಿರಲಿಲ್ಲ, ಪತ್ರ ಯಾರ ಕೈಗೆ ಬೀಳುವುದೋ ಎಂದು. ಕಾಶಿಬಾಯಿ ಕಾಲು ತೊಳೆಯಲು ಹೋದಳು. ಒಳಕೋಣೆಯಲ್ಲಿ ನನ್ನೊಬ್ಬನಿಗೆ ಹೇಳಿದಳು:

"ಚಂದಣ್ಣನ ಹೊಲದಾಗ ಬಣವಿ ಕಾಯಾಕ ಮಲಗಿದ್ದ ಆಳ ಸುಟ್ಟು ಸತ್ತ. ಅವನ ಹೇಣ್ತಿಗಿ ನಾ ರೊಟ್ಟಿ ಬಡದು ಹಾಕೀನಿ ನಾಕ ತಿಂಗಳ. ಆಕಿ ಮಾರಿ ನೋಡಿ ಬಂದ ಕಣ್ಣಲೆ ಇವ್ರ ಮಾರಿ ಹ್ಯಾಂಗ ನೋಡ್ಲಿ? ಇವ್ರ ಮಗ ಅಲ್ಲಿ ಇದ್ನೋ ಇಲ್ಲೋ, ಯಾರು ಹೇಳ್ಬೇಕು?"

ಸಂಜೆಗೆ ಅಕ್ಕ ಸೀರೆ ಒಗೆದು, ಮಡಚಿ, ಟ್ರಂಕಿನ ಮೇಲಿಟ್ಟು, ಸೊಸೆಯನ್ನು ಕರೆದುಕೊಂಡು ಆಚೆ ಹೋದಳು. ಆಚೆ ಮನೆಗೆ ಬಾಗಿಲಿಲ್ಲ. ನಮ್ಮ ಕೊಟ್ಟಿಗೆಯ ಬಾಗಿಲು ಕಿತ್ತು ಅಲ್ಲಿ ಕೂರಿಸಿದೆ.

೨೨ ಅಕ್ಟೋಬರ್, ಶುಕ್ರವಾರ

ಗೋಡೆ ಕಟ್ಟುತ್ತಿದ್ದೇವೆ. ಆಳು ಸಿಗುವುದಿಲ್ಲ. ನಾನು, ಅಕ್ಕ, ಮೆಹರಾಜ ಮಣ್ಣು ತುಳಿಯುತ್ತೇವೆ. ಗುರಮ್ಮ ತಾನಾಗಿ ಬಂದು ನೀರು ಹೊತ್ತಳು. ಬುಡಕ್ಕೆ ಮೊದಲು ಮೋರಿ ಮಾಡಿದೆವು, ಈ ಸಲ ಶಹಾಬಾದ ಕಲ್ಲಿನದು. ಕಾಶಿಬಾಯಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು.

"ಇಳುಕಲು ಸಾಲದು. ಆ ಕಡಿ ನಾಕ ಬೆರಳ ಇಳೀಬೇಕು."

ಮೋರಿಗೆ ಹೇಳಿದಂತೆ ಹೇಳಿದಳು, ಅಕ್ಕನ ಕಡೆ ನೋಡದೆ. ಅಕ್ಕ ಕಲ್ಲು ಎತ್ತಿ ನಾಲ್ಕು ಬೆರಳು ಇಳಿಸಿದಳು.

೭ ನವೆಂಬರ್, ಭಾನುವಾರ

ಬುರಾನುದ್ದೀನ ಗುಲಬರ್ಗಾ ಜೈಲಿನಲ್ಲಿದ್ದಾನೆ. ಬಿಡುಗಡೆಯಾಗಿ ಬಂದವನೊಬ್ಬ ಹೇಳಿದ. ಅವನ ಮೇಲೆ ಯಾವ ಮೊಕದ್ದಮೆ ಎಂದು ಯಾರಿಗೂ ತಿಳಿಯದು. ನಾಳೆ ಮೋಟಾರಿಗೆ ಹೋಗುತ್ತೇನೆಂದು ಅಕ್ಕ ಗೋಡೆಯಾಚೆ ನಿಂತು ಹೇಳಿದಳು. ಗೋಡೆ ಈಗ ಎದೆಮಟ್ಟ ಬಂದಿದೆ, ಮುಖ ಕಾಣುತ್ತದೆ. ಒಬ್ಬಳೇ ಹೋಗುವುದು ಬೇಡ ಎಂದೆ. ಕಾಶಿಬಾಯಿಗೆ ಕೇಳಿಸಿತು. ರಾತ್ರಿ ಊಟಕ್ಕೆ ಬಡಿಸಿ ಬೇಗ ಮಲಗಿದಳು.

೮ ನವೆಂಬರ್, ಸೋಮವಾರ

ನಸುಕಿನಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಯಿತು. ನಾನು ಹೊರಡುವ ಹೊತ್ತಿಗೆ ಕಾಶಿಬಾಯಿ ಅಂಗಳಕ್ಕೆ ಬಂದಳು. ಕೈಯಲ್ಲಿ ಎರಡು ಬುತ್ತಿ ಗಂಟು. ಒಂದನ್ನು ನನಗೆ ಕೊಟ್ಟಳು. ಇನ್ನೊಂದನ್ನು ಗೋಡೆಯ ಮೇಲೆ ಇಟ್ಟಳು. ಆಚೆ ಅಕ್ಕ ನಿಂತಿದ್ದಳು.

"ಶೇಂಗಾ ಹಿಂಡಿ ಅದ, ರೊಟ್ಟಿ ಅವ. ನಿನ್ನ ಮಗನಿಗಿ."

ಅಕ್ಕ ಕೈ ಚಾಚಲಿಲ್ಲ.

"ಅವ ತಪ್ಪ ಮಾಡ್ಯಾನ, ಪ್ಯಾರಿಬಿ. ನಾ ಮರಿಯಂಗಿಲ್ಲ. ಹಸದಿರ್ತಾನ, ಅದೂ ಖರೆ. ತಗೋ."

ಅಕ್ಕ ತೆಗೆದುಕೊಂಡಳು.

ಜೈಲಿನ ಬಾಗಿಲಲ್ಲಿ ಮೂರು ತಾಸು ನಿಂತೆವು. ಅಕ್ಕನಂಥ ಹೆಂಗಸರು ಬಹಳ ಮಂದಿ ಇದ್ದರು. ಭೇಟಿ ಸಿಗಲಿಲ್ಲ. ಬುತ್ತಿಯನ್ನು ಮಾತ್ರ ಒಳಗೆ ಒಯ್ದರು. ಹೆಸರು ಹೇಳಿದ್ದನ್ನು ಕಾವಲಿನವನು ಸರಿಯಾಗಿ ಕೇಳಿದನೋ ಇಲ್ಲವೋ ಎಂದು ಅಕ್ಕ ಮತ್ತೆ ಮತ್ತೆ ಕೇಳುತ್ತಿದ್ದಳು. ಒಂದು ತಾಸಿನ ಮೇಲೆ ಬುತ್ತಿ ಕಟ್ಟಿದ್ದ ಅರಿವೆ ಹೊರಗೆ ಬಂತು, ಬರಿದು. ಅದರ ಒಂದು ಮೂಲೆಯನ್ನು ಯಾರೋ ಗಂಟು ಹಾಕಿದ್ದರು. ಅಕ್ಕ ಅದನ್ನು ನೋಡಿ, ಚಿಕ್ಕವನಿದ್ದಾಗ ಉಂಡಾದ ಮೇಲೆ ಹೀಗೇ ಮಾಡುತ್ತಿದ್ದ ಎಂದಳು. ಮೋಟಾರಿನಲ್ಲಿ ಆಳಂದದವರೆಗೆ ಅರಿವೆಯನ್ನು ಮಡಿಲಲ್ಲಿಟ್ಟುಕೊಂಡೇ ಬಂದಳು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಕಾಶಿಬಾಯಿ ಗೋಡೆಯ ಹತ್ತಿರ ನಿಂತು ಕಾಯುತ್ತಿದ್ದಳು. ಮೆಹರಾಜ ಆಚೆ ನಿಂತಿದ್ದಳು.

"ಉಂಡನಂತೇನು?" ಎಂದು ಕಾಶಿಬಾಯಿ ಅಕ್ಕನನ್ನೇ ಕೇಳಿದಳು.

"ಉಂಡಾನ."

ಕಾಶಿಬಾಯಿ ಗೋಡೆಯ ಮೇಲಿಂದ ಕೈ ಚಾಚಿದಳು. ಅಕ್ಕ ಗಂಟು ಬಿಚ್ಚದೆಯೇ ಅರಿವೆ ಕೊಟ್ಟಳು. ಕಾಶಿಬಾಯಿ ಅದನ್ನು ಬಚ್ಚಲಿಗೆ ಒಯ್ದು ಒಗೆಯತೊಡಗಿದಳು. ಗಂಟು ಬಿದ್ದ ಮೂಲೆಯನ್ನು ಬಿಚ್ಚದೆ, ಅದರ ಸುತ್ತಲೂ ತಿಕ್ಕಿದಳು. ನಾನು ಕೊಡದಿಂದ ನೀರು ಹಾಕಿದೆ. ಆ ನೀರು ಹರಿದು ಆಚೆ ಹೋಗುವುದನ್ನು ಮೆಹರಾಜ ದೀಪ ಹಿಡಿದು ನೋಡುತ್ತಿದ್ದಳು.